ಗ್ಯಾರೇಜ್ ಕಟ್ಟೆ: ಹಳೇ ಮಾರಿಸ್‌ಗೆ ಹೊಸ ಕೇಬಲ್

ಪ್ರಶ್ನೆ: ಅಜ್ಜ ಕೊಂಡಿದ್ದ 1959ರ ಮಾರಿಸ್ ಮೈನರ್ ಕಾರು ನಮ್ಮಲ್ಲಿ ಈಗಲೂ ಓಡುತ್ತದೆ. ಮೊನ್ನೆ ಆಕ್ಸಿಲರೇಟರ್ ಕೇಬಲ್‌ನ ನಿಪ್ಪಲ್ (ತಂತಿಯ ತುದಿ ಜಾರದಂತೆ ಹಿಡಿಯುವ ಲೋಹದ ಗುಂಡು) ಕಿತ್ತು ಬಂತು. ಕಾಸರಗೋಡು, ಮಂಗಳೂರು ಎರಡೂ ಕಡೆ ಹುಡುಕಿದೆ, ಸಿಗಲಿಲ್ಲ. ಒಬ್ಬರು ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿಕೊಟ್ಟರು. ಎರಡೇ ದಿನಕ್ಕೆ ನಿಪ್ಪಲ್ ಪಕ್ಕದಲ್ಲೇ ತುಂಡಾಯಿತು. ನಾವೇ ಹೊಸದು ಮಾಡಿಕೊಳ್ಳಬಹುದಾ?
– ಓದುಗರೊಬ್ಬರು, ನೀರ್ಚಾಲು

ಉತ್ತರ: ಧಾರಾಳವಾಗಿ ಮಾಡಬಹುದು. ಇಂಗ್ಲೆಂಡಿನಿಂದ ತರಿಸಲೂಬಹುದು, ಮೈನರ್‌ನ ಸಾಮಾನು ಅಲ್ಲಿ ಇಂದಿಗೂ ಸಿಗುತ್ತದೆ. ಆದರೆ ಒಂದು ಮೊಳ ತಂತಿಗೆ ಅಷ್ಟು ದೂರ ಯಾಕೆ ಮಾರಾಯ್ರೆ?

ನಿಮ್ಮಲ್ಲಿ ಬೆಸುಗೆ ಸೋಲಲಿಲ್ಲ, ತಂತಿ ಸೋತಿತು. ಹಿತ್ತಾಳೆ ಬೆಸುಗೆಗೆ 800 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಅಷ್ಟು ಬಿಸಿ ತಾಗಿದರೆ ಉಕ್ಕಿನ ತಂತಿಯ ಹದ ಹೋಗುತ್ತದೆ. ಅದೂ ಜಾಸ್ತಿ ಎಳೆತ ಬೀಳುವ ಜಾಗದಲ್ಲೇ. ಕೇಬಲ್‌ಗೆ ಬೇಕಾದ್ದು 60 ಪಾಲು ತವರ, 40 ಪಾಲು ಸೀಸದ ಮೆದು ಬೆಸುಗೆ. ಅದು 190 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ತಂತಿಗೆ ಏನೂ ಆಗುವುದಿಲ್ಲ.

ಮೊದಲು ಅಳತೆ. ಹಳೆಯ ಕೇಬಲನ್ನು ಎಸೆದಿಲ್ಲ ತಾನೇ? ಹೊರಗಿನ ಕವಚ ಅದರ ತುದಿಯ ಲೋಹದ ಟೋಪಿ ಸಮೇತ ಎಷ್ಟು ಉದ್ದ, ಒಳತಂತಿ ಎಷ್ಟು ಉದ್ದ ಎಂದು ಬೇರೆ ಬೇರೆ ಬರೆದುಕೊಳ್ಳಿ. ಒಳಗಿನದರಿಂದ ಹೊರಗಿನದನ್ನು ಕಳೆಯಿರಿ. ಕವಚ 600 ಮಿಲಿಮೀಟರ್, ತಂತಿ 720 ಎಂದಿಟ್ಟುಕೊಳ್ಳಿ. ಉಳಿದ 120 ಇದೆಯಲ್ಲ, ಕೇಬಲ್‌ನ ಜೀವ ಅದೇ. ಕವಚ 20 ಹೆಚ್ಚಾದರೆ ಚಿಂತೆಯಿಲ್ಲ, ತಂತಿಯೂ 20 ಹೆಚ್ಚಿರಲಿ. 120 ಬದಲಾದರೆ ಮಾತ್ರ ಒಂದೋ ಪೆಡಲ್ ಸಡಿಲ, ಇಲ್ಲವೇ ಥ್ರಾಟಲ್ (ಕಾರ್ಬ್ಯುರೇಟರಿನಲ್ಲಿ ಪೆಡಲ್ ಒತ್ತಿದಾಗ ತೆರೆಯುವ ಬಾಗಿಲು) ಪೂರ್ತಿ ಮುಚ್ಚುವುದಿಲ್ಲ.

ಒಳತಂತಿಗೆ ಸೈಕಲ್ ಅಂಗಡಿಯ ಬ್ರೇಕ್ ವಯರ್ ಆಗುತ್ತದೆ, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಹಳೆಯ ತಂತಿಯ ದಪ್ಪ ಅಳೆದು ನೋಡಿಯೇ ತನ್ನಿ. ಸ್ಟೀಲ್ ಹೊಳಪಿನದು ಬೇಡ, ಸತುವು ಲೇಪದ್ದನ್ನು ಕೇಳಿ. ಸ್ಟೇನ್‌ಲೆಸ್ ತಂತಿಗೆ ಬೆಸುಗೆ ಸುಲಭಕ್ಕೆ ಹಿಡಿಯುವುದಿಲ್ಲ. ಕತ್ತರಿಸುವ ಜಾಗಕ್ಕೆ ಮೊದಲೇ ಸ್ವಲ್ಪ ತವರ ಹಿಡಿಸಿ, ಇಲ್ಲದಿದ್ದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಕವಚವನ್ನು ಕಟಿಂಗ್ ಡಿಸ್ಕಿನಲ್ಲಿ ಕತ್ತರಿಸಿ, ಬಾಯಿಯ ಮುಳ್ಳನ್ನು ಅರದಿಂದ ತೆಗೆಯಿರಿ.

ನಿಪ್ಪಲ್ ಹಿತ್ತಾಳೆಯದ್ದು. ಲೇತ್ ಇರುವವರು ಹಳೆಯದನ್ನು ನೋಡಿ ಮಾಡಿಕೊಡುತ್ತಾರೆ. ತೂತಿನ ಒಂದು ಬಾಯಿ ಆಲಿಕೆಯ ಹಾಗೆ ಅಗಲವಾಗಿರಬೇಕು. ತಂತಿಯನ್ನು ತೂರಿಸಿ, ತುದಿಯ ಎರಡು ಮೂರು ಮಿಲಿಮೀಟರ್ ಎಳೆಗಳನ್ನು ಅರಳಿಸಿ, ಹಿಂದಕ್ಕೆ ಎಳೆದು ಆ ಬಾಯಿಯಲ್ಲಿ ಕೂರಿಸಿ. ಹಿಡಿತ ಬರುವುದೇ ಇದರಿಂದ. ನೆಟ್ಟಗಿನ ತಂತಿಗೆ ಸುಮ್ನೆ ಬೆಸುಗೆ ಮೆತ್ತಿದರೆ ಒಂದಲ್ಲ ಒಂದು ದಿನ ಜಾರುತ್ತದೆ.

ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್ ರೇಡಿಯೇಟರ್ ರಿಪೇರಿಯವರ ಹತ್ತಿರ ಇರುತ್ತದೆ, ಆಸಿಡ್‌ನಲ್ಲಿ ಸತುವು ಕರಗಿಸಿದ್ದು. ಅದನ್ನು ಹಚ್ಚಿ, ಪುಟ್ಟ ಕಬ್ಬಿಣದ ಬಟ್ಟಲಲ್ಲಿ ಕರಗಿದ ಬೆಸುಗೆಗೆ ತುದಿಯನ್ನು ಅದ್ದಿ. ಬೆಂಕಿಯನ್ನು ನೇರ ತಂತಿಗೆ ಹಿಡಿಯಲೇಬೇಡಿ. ಒದ್ದೆ ಫ್ಲಕ್ಸ್ ಸಿಡಿಯುತ್ತದೆ, ಕನ್ನಡಕ ಬೇಕೇ ಬೇಕು. ಕಿಟಕಿ ತೆರೆದಿರಲಿ. ಆಮೇಲೆ ಸೋಡಾಪುಡಿ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಯೇ ಸಾಕಷ್ಟು ತುಕ್ಕು ತರುತ್ತದೆ, ಅದರ ಮೇಲೆ ಆಸಿಡ್ ಬೇರೆ ಯಾಕೆ? ಹಾಂ, ಎರಡೂ ತುದಿಗೆ ನಿಪ್ಪಲ್ ಇದ್ದರೆ ಎರಡನೆಯದನ್ನು ಬೆಸೆಯುವ ಮೊದಲು ಕವಚ, ಟೋಪಿ ಎಲ್ಲ ತಂತಿಗೆ ಏರಿಸಿದ್ದೀರಾ ನೋಡಿ.

ಎಣ್ಣೆಯ ವಿಷಯ. ಕವಚದೊಳಗೆ ನೈಲಾನ್ ಕೊಳವೆ ಇದ್ದರೆ ಏನೂ ಹಾಕಬೇಡಿ. ಇಲ್ಲದಿದ್ದರೆ ತೆಳು ಮೆಷಿನ್ ಎಣ್ಣೆ. ಮನೆಯಲ್ಲಿ ಉಂಟೆಂದು ತೆಂಗಿನೆಣ್ಣೆ ಬಿಡುವ ಚಾಳಿ ನಮ್ಮ ಊರಿನದ್ದೇ. ಧೂಳು ಸೇರಿ ಅಂಟಾದ ಮೇಲೆ ಪೆಡಲ್ ವಾಪಸು ಬರಲು ಒಪ್ಪುವುದಿಲ್ಲ. ನೈಲಾನ್ ಇರುವ ಕವಚ ಸೈಲೆನ್ಸರ್ ಪೈಪಿನಿಂದ ದೂರ ಹೋಗಲಿ. ರಸ್ತೆಗಿಳಿಯುವ ಮೊದಲು ಪೆಡಲ್ ಒತ್ತಿ ಬಿಡಿ, ಥ್ರಾಟಲ್ ತಟ್ಟನೆ ಮುಚ್ಚಬೇಕು. ಎಂಜಿನ್ ಅಲುಗಿದಾಗ ಕೇಬಲ್ ಬಿಗಿಯಾಗಬಾರದು.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಕೇಬಲನ್ನೂ ಬೆಸುಗೆ ಹಾಕಿ ಮಾಡಬಹುದಾ? ನಮ್ಮ ಮನೆ ಪೆರ್ಲದ ಏರಿನಲ್ಲಿದೆ.
– ಇನ್ನೊಬ್ಬ ಓದುಗರು

ಉತ್ತರ: ಬೇಡವೇ ಬೇಡ. ಮೆದು ಬೆಸುಗೆ ಸತತ ಭಾರಕ್ಕೆ ನಿಧಾನವಾಗಿ ಜಗ್ಗುತ್ತದೆ. ಏರಿನಲ್ಲಿ ರಾತ್ರಿಯಿಡೀ ಕಾರನ್ನು ಹಿಡಿದಿಡುವ ಕೆಲಸ ಅದರದ್ದಲ್ಲ. ಬ್ರೇಕ್ ಕೇಬಲ್‌ಗೆ ಉಕ್ಕಿನ ತುದಿಯನ್ನು ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕು. ಆ ಯಂತ್ರ ಇರುವವರಿಗೆ ಹಳೆಯದನ್ನು ಮಾದರಿಗೆ ಕೊಡಿ. ಅಲ್ಲಿಯವರೆಗೆ ಚಕ್ರಕ್ಕೆ ಕಲ್ಲು ಇಡಿ.

ಪ್ರಶ್ನೆ: ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಎಳೆಯುವ ಚೋಕ್, ಒಳಗೆ ತಳ್ಳಿದರೂ ಅರ್ಧಕ್ಕೇ ನಿಲ್ಲುತ್ತದೆ. ಕಪ್ಪು ಹೊಗೆ, ಪೆಟ್ರೋಲ್ ಜಾಸ್ತಿ. ನಮ್ಮದೂ ಮೈನರ್.
– ಕುಂಬಳೆಯಿಂದ

ಉತ್ತರ: ಮೈನರ್‌ನಲ್ಲಿರುವ ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬರುವ ಸಣ್ಣ ಕೊಳವೆ, ಅಂದರೆ ಜೆಟ್, ಕೆಳಗಿಳಿಯುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ನಿಮ್ಮದರಲ್ಲಿ ಅದು ಪೂರ್ತಿ ಮೇಲೇರುತ್ತಿಲ್ಲ. ಕೇಬಲ್ ಬಿಚ್ಚಿ, ಜೆಟ್ಟಿನ ಲಿವರನ್ನು ಕೈಯಲ್ಲೇ ಆಡಿಸಿ ನೋಡಿ. ಅದು ಸರಾಗವಾಗಿದ್ದರೆ ತಪ್ಪು ಕೇಬಲ್‌ನದ್ದು. ಇಲ್ಲಿ ತಳ್ಳುವ ಕೆಲಸವೂ ಇರುವುದರಿಂದ ಒಂಟಿ ಗಟ್ಟಿ ತಂತಿಯೇ ಬೇಕು, ಹುರಿ ತಂತಿ ಮಡಚಿಕೊಳ್ಳುತ್ತದೆ. ನಿಪ್ಪಲ್, ಬೆಸುಗೆ ಏನೂ ಇಲ್ಲ. ತುದಿಯನ್ನು ಸ್ಕ್ರೂನಲ್ಲಿ ಬಿಗಿದರೆ ಆಯಿತು. ಬಿಗಿಯುವಾಗ ನಾಬ್ ಪೂರ್ತಿ ಒಳಗಿರಲಿ, ತಂತಿ ಒಂಚೂರು ಸಡಿಲವಿರಲಿ.