ಅಂಕ ಇಳಿದಿದೆ, ಅವ್ವನಿಗೆ ನಿದ್ದೆ ಬಂದಿಲ್ಲ

ಪ್ರಶ್ನೆ: ನನ್ನ ಅವ್ವನಿಗೆ 58 ವರ್ಷ. ಮನೆಯಲ್ಲೇ ನೇಯ್ಗೆಯ ಕಂಡಿಕೆಗೆ ನೂಲು ಸುತ್ತುತ್ತಾಳೆ. ರಾತ್ರಿಯಾದರೆ ಕಾಲೊಳಗೆ ಇರುವೆ ಹರಿದಾಡಿದ ಹಾಗೆ, ಎದ್ದು ಅಡ್ಡಾಡಿದರಷ್ಟೇ ಸಮಾಧಾನ. ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಮೂರು ತಿಂಗಳಿಂದ ಗುಳಿಗೆ ಕೊಟ್ಟಿದ್ದಾರೆ. ಹತ್ತು ಪ್ರಶ್ನೆಯ ಹಾಳೆಯಲ್ಲಿ 27 ಇದ್ದದ್ದು 21ಕ್ಕೆ ಬಂದಿದೆ. ಡಾಕ್ಟರು ‘ಸುಧಾರಿಸಿದೆ’ ಅನ್ನುತ್ತಾರೆ. ಅವ್ವ ‘ಏನ್ ಸುಧಾರಿಸೇತಿ? ನಿದ್ದಿನ ಇಲ್ಲ’ ಅನ್ನುತ್ತಾಳೆ. ಯಾರ ಮಾತು ನಂಬಲಿ?
– ಓದುಗ, ರಬಕವಿ

ಉತ್ತರ: ಇಬ್ಬರದ್ದೂ ನಂಬಿ.

ಆ ಹಾಳೆಯಲ್ಲಿ ಒಂದೊಂದು ಪ್ರಶ್ನೆಗೆ 0ಯಿಂದ 4 ಅಂಕ, ಒಟ್ಟು 40. ಅಂಕ ಜಾಸ್ತಿಯಾದಷ್ಟೂ ಕಾಟ ಜಾಸ್ತಿ. ಸುಮಾರು 3 ಅಂಕ ಇಳಿದರೆ ಅದಕ್ಕೆ ಅರ್ಥವಿದೆ ಎಂದು ಸಂಶೋಧಕರು ಸಾಮಾನ್ಯವಾಗಿ ಹಿಡಿಯುತ್ತಾರೆ. ಹಾಗಾಗಿ 6 ಇಳಿದದ್ದು ಸುಮ್ನೆ ಅಲ್ಲ. ಆದರೆ 21ರಿಂದ 30 ‘ತೀವ್ರ’ದ ಸಾಲು, ಅವ್ವ ಇನ್ನೂ ಅಲ್ಲೇ ಇದ್ದಾರೆ. ಇನ್ನೊಂದು ಮಾತು: ಈ ಕಾಯಿಲೆಯಲ್ಲಿ ಔಷಧವೇ ಇಲ್ಲದ ಹುಸಿ ಗುಳಿಗೆ ಕೊಟ್ಟರೂ ಅಂಕ ಸಾಕಷ್ಟು ಇಳಿಯುತ್ತದೆ. ಹಾಗಾಗಿ ಇಳಿದದ್ದೆಲ್ಲ ಔಷಧದ ಗುಣವೇ ಅಂತಲ್ಲ.

ನಾನೂ ಮೊದಲು ಮೊತ್ತ ನೋಡಿ ಖುಷಿಪಡುತ್ತಿದ್ದೆ. ಈಗ ಹಾಳೆಯನ್ನು ಒಂದೊಂದೇ ಸಾಲು ಓದುತ್ತೇನೆ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ನಿದ್ದೆ, ಹಗಲಿನ ದಣಿವು, ಮನಸ್ಸು ಎಲ್ಲವೂ ಅದೇ ಮೊತ್ತದಲ್ಲಿ ಸೇರಿರುತ್ತವೆ. ಏಳು ದಿನದ ಕಾಟ ನಾಲ್ಕು ದಿನಕ್ಕೆ ಇಳಿದು, ನಿದ್ದೆಯ ಸಾಲು ಮಾತ್ರ 4ರಲ್ಲೇ ನಿಂತಿದ್ದರೆ ಅವ್ವ ಹೇಳುವುದು ಸರಿ ಅಲ್ವಾ?

ನಿಮ್ಮ ಅವ್ವನಿಗೆ ಏನು ಬೇಕು ಅಂತ ಕೇಳಿ. ನಡುವೆ ಏಳದೆ ನಾಲ್ಕು ತಾಸು ನಿದ್ದೆಯೋ, ಬೆಳಗಾವಿವರೆಗೆ ಬಸ್ಸಿನಲ್ಲಿ ಕೂತು ಹೋಗುವುದೋ, ಪಾರಿಜಾತ ಆಟ ಕೂತು ನೋಡುವುದೋ. ಅದನ್ನೇ ಅಳತೆ ಮಾಡಿಕೊಳ್ಳಿ. ಒಂದು ವಹಿಯಲ್ಲಿ ದಿನಾ ಎರಡೇ ಸಂಗತಿ ಬರೆಯಿರಿ: ಕಾಟ ಎಷ್ಟು ಗಂಟೆಗೆ ಶುರುವಾಯಿತು, ರಾತ್ರಿ ಎಷ್ಟು ಸಲ ಎದ್ದರು.

ಶುರುವಾಗುವ ಗಂಟೆ ಬಹಳ ಮುಖ್ಯ. ಈ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ತರಹದ ಗುಳಿಗೆಗಳು ಮೊದಲು ಚೆನ್ನಾಗಿ ಕೆಲಸ ಮಾಡಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಾಯಿಲೆಯನ್ನೇ ಕೆರಳಿಸಬಹುದು. ರಾತ್ರಿ 9ಕ್ಕೆ ಬರುತ್ತಿದ್ದದ್ದು ಸಂಜೆ 5ಕ್ಕೇ ಬಂದರೆ, ಕೈಗೂ ಹರಡಿದರೆ, ಡೋಸ್ ಏರಿಸುವ ಮುಂಚೆ ಡಾಕ್ಟರಿಗೆ ಹೇಳಿ. ನೀವಾಗಿಯೇ ನಿಲ್ಲಿಸಲೂಬೇಡಿ.

ರಕ್ತದಲ್ಲಿ ಫೆರಿಟಿನ್ ನೋಡಿಸಿದ್ದೀರಾ? ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಎಂದು ಅದು ತೋರಿಸುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಇದು ಕಡಿಮೆ ಇರಬಹುದು. ಈ ಕಾಯಿಲೆ ಇರುವವರಲ್ಲಿ ಫೆರಿಟಿನ್ 75 (ng/mL) ಅಥವಾ ಅದಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡುವ ಯೋಚನೆ ಮಾಡುತ್ತಾರೆ. ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದು, ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿದ್ದೆ ಬರಿಸುವಂಥ ನೆಗಡಿ ಗುಳಿಗೆಗಳೂ ಕಾಲಿನ ಕಾಟ ಹೆಚ್ಚಿಸಬಹುದು.

ಮುಂದಿನ ಸಲ ಆ ವಹಿಯನ್ನೂ ಒಯ್ಯಿರಿ. ಮಾತಾಡಲು ಅವ್ವನನ್ನೇ ಬಿಡಿ.