ಸೋಲಾರ್ ಕೆಟ್ಟಿಲ್ಲ, ಪಂಪ್ ಕೂರಿಸಿದ ರೀತಿ ಕೆಟ್ಟಿದೆ

ಮಳೆಗಾಲ ಮುಗಿದು ಮನೆ ರಿಪೇರಿಯ ದಿನಗಳು ಬಂದವೆಂದರೆ ನನಗೆ ಬರುವ ಪತ್ರಗಳೆಲ್ಲ ಬಚ್ಚಲಿನವು. ಈ ಸಲವೂ ಅದೇ ಷವರ್, ಅದೇ ಪಂಪ್. ಹಿಂದೆ ಹೇಳಿದ್ದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಂಚಿನ ಮನೆ. ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ಬಂದು ಬಚ್ಚಲಿನ ತಾರಸಿಯ ಮೇಲೆ ಸ್ಟ್ಯಾಂಡಿನಲ್ಲಿರುವ ಟ್ಯಾಂಕಿಗೆ ಬೀಳುತ್ತದೆ. ಷವರಿಗಿಂತ ಟ್ಯಾಂಕ್ ಎಂಟು ಅಡಿ ಮೇಲಿದೆ. ತಟ್ಟೆಯಗಲದ ಹೊಸ ಷವರ್ ಹಾಕಿಸಿದರೆ ನೀರು ತೊಟ್ಟಿಕ್ಕಿತು. ಪ್ಲಂಬರ್ ತಣ್ಣೀರಿನ ಪೈಪಿಗೆ ಅರ್ಧ ಎಚ್‌ಪಿ ಪಂಪ್ ಜೋಡಿಸಿದರು. ಈಗ ತಣ್ಣೀರು ರಭಸದಿಂದ ಬರುತ್ತದೆ, ಬಿಸಿನೀರು ಬರುವುದೇ ಇಲ್ಲ. ಸೋಲಾರ್ ಟ್ಯಾಂಕಿನ ಗಾಳಿ ಪೈಪಿನಿಂದ ನೀರು ಹಂಚಿನ ಮೇಲೆ ಸುರಿಯುತ್ತಿದೆ. ಸೋಲಾರ್ ಕೆಟ್ಟಿದೆ, ಬದಲಿಸಿ ಎನ್ನುತ್ತಾರೆ. ಬದಲಿಸಬೇಕೇ?

ಉತ್ತರ: ಬೇಡ. ಬದಲಿಸಬೇಕಾದದ್ದು ಆ ಸಲಹೆ ಕೊಟ್ಟವರನ್ನು.

ನಿಮ್ಮ ಮಿಕ್ಸರಿನೊಳಗೆ ತಣ್ಣೀರು, ಬಿಸಿನೀರು ಎರಡೂ ಎದುರುಬದುರಾಗಿ ಬಂದು ಸೇರುತ್ತವೆ. ಒಂದು ಬದಿಗೆ ಪಂಪಿನ ಒತ್ತಡ, ಇನ್ನೊಂದು ಬದಿಗೆ ಎಂಟು ಅಡಿ ಎತ್ತರದ ಒತ್ತಡ. ನೀರಿನ ಲೆಕ್ಕದಲ್ಲಿ ಸುಮಾರು 33 ಅಡಿ ಎತ್ತರಕ್ಕೆ ಒಂದು ಬಾರ್. ಎಂಟು ಅಡಿಗೆ ಕಾಲು ಬಾರ್ ಕೂಡ ಸರಿಯಾಗಿ ಬರುವುದಿಲ್ಲ. ಗೆದ್ದ ತಣ್ಣೀರು ಬಿಸಿನೀರಿನ ಪೈಪಿನೊಳಗೆ ಹಿಮ್ಮುಖವಾಗಿ ನುಗ್ಗಿ, ಸೋಲಾರ್ ಟ್ಯಾಂಕನ್ನು ತುಂಬಿಸಿ, ಗಾಳಿ ಪೈಪಿನಿಂದ ಹೊರಗೆ ಬೀಳುತ್ತಿದೆ. ಗಾಜಿನ ನಳಿಗೆಯ ಸಾಮಾನ್ಯ ಸೋಲಾರಿನಲ್ಲಿ ಆ ಪೈಪು ತೆರೆದೇ ಇರುತ್ತದೆ, ಇರಲೇಬೇಕು. ದಯವಿಟ್ಟು ಅದಕ್ಕೆ ಬಿರಡೆ ಹಾಕಬೇಡಿ. ಹಾಗೆ ಹಾಕಿ ಟ್ಯಾಂಕ್ ಉಬ್ಬಿಸಿಕೊಂಡವರ ಮನೆಗೆ ನಾನೇ ಹೋಗಿ ಬಂದಿದ್ದೇನೆ.

‘ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಸರಿಹೋಗುತ್ತದೆ’ ಎಂದು ಇನ್ನೊಬ್ಬರು ಹೇಳಿಯೇ ಹೇಳುತ್ತಾರೆ. ಬಿಸಿನೀರಿನ ಪೈಪಿಗೆ ಅದನ್ನು ಹಾಕಿದರೆ ಸುರಿಯುವುದು ನಿಲ್ಲುತ್ತದೆ, ನಿಜ. ಆದರೆ ಬಿಸಿನೀರು ಬರುವುದಿಲ್ಲ. ತಣ್ಣೀರಿನ ಒತ್ತಡ ಆ ವಾಲ್ವನ್ನು ಮುಚ್ಚಿಯೇ ಇಡುತ್ತದೆ. ಎರಡೂ ಬದಿಯ ಒತ್ತಡ ಸಮವಾಗದೆ ಮಿಕ್ಸರ್ ಕೆಲಸ ಮಾಡುವುದಿಲ್ಲ. ಪಂಪ್ ಹಾಕುವುದಿದ್ದರೆ ಎರಡೂ ಪೈಪಿಗೆ ಹಾಕಬೇಕು, ಒಂದೇ ಸಾಮರ್ಥ್ಯದ್ದನ್ನು ಹಾಕಬೇಕು. ಬಿಸಿಯ ಬದಿಗೆ ಬಿಸಿನೀರಿಗೆಂದೇ ಮಾಡಿದ ಪಂಪ್ ಬೇಕು. ಎಷ್ಟು ಡಿಗ್ರಿ ತಾಳುತ್ತದೆ ಎಂಬುದನ್ನು ಅದರ ಫಲಕದಲ್ಲಿ ನೀವೇ ಓದಿ, ಅಂಗಡಿಯವರ ಬಾಯಿಮಾತು ಸಾಲದು. ಪಂಪನ್ನು ಸೋಲಾರಿನ ನಂತರ ಕೂರಿಸಬೇಕು. ಮೊದಲೇ ಕೂರಿಸಿದರೆ ಅದು ಷವರಿಗಲ್ಲ, ನಿಮ್ಮ ಹಂಚಿಗೆ ಸ್ನಾನ.

ಇಷ್ಟು ಹೇಳಿದ ಮೇಲೂ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಿಮ್ಮ ನೀರು ಗುಡ್ಡದಿಂದ ಇಳಿದು ಬರುತ್ತದೆ. ಆ ಎತ್ತರವನ್ನೆಲ್ಲ ತಾರಸಿಯ ಟ್ಯಾಂಕಿನಲ್ಲಿ ಚೆಲ್ಲಿ, ಅದನ್ನೇ ಕರೆಂಟಿನ ಬಿಲ್ಲು ಕಟ್ಟಿ ವಾಪಸು ಕೊಳ್ಳುತ್ತಿದ್ದೀರಿ! ಮನೆಯ ಹಿಂದಿನ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ, ಷವರಿಗಿಂತ 30 ಅಡಿ ಎತ್ತರದಲ್ಲಿ ಒಂದು ಟ್ಯಾಂಕ್ ಇಟ್ಟರೆ ಹೆಚ್ಚುಕಡಿಮೆ 0.9 ಬಾರ್ ಪುಕ್ಕಟೆ. ಎತ್ತರವನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಗಾರೆಯವರ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಹಂತಹಂತವಾಗಿ ಅಳೆಯಿರಿ. ಕೆಳಗಿಳಿಯುವ ಪೈಪು ಒಂದು ಇಂಚಿನದಿರಲಿ, ಅರ್ಧ ಇಂಚಿನದನ್ನು ಹಾಕಿದರೆ ಗಳಿಸಿದ ಒತ್ತಡವನ್ನು ಪೈಪೇ ತಿನ್ನುತ್ತದೆ. ಅಬ್ಬಿಯ ಪೈಪನ್ನೇ ನೇರವಾಗಿ ಷವರಿಗೆ ಕೊಡುವ ಜಾಣತನ ಬೇಡ: ಕಸ, ಮರಳು, ಗಾಳಿ ಎಲ್ಲ ಬರುತ್ತದೆ, ನಲ್ಲಿ ಮುಚ್ಚಿದಾಗ ಗುಡ್ಡದ ಪೂರ್ತಿ ಎತ್ತರ ನಿಮ್ಮ ಗೋಡೆಯೊಳಗಿನ ಜೋಡಣೆಗಳ ಮೇಲೆ ಬೀಳುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ನಾನು ಬಿಡುವುದಿಲ್ಲ. ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಧರೆಯ ಅಂಚಿನಲ್ಲಿ ಇಡಬೇಡಿ. ಹಿಂದಕ್ಕೆ, ಗಟ್ಟಿ ನೆಲದ ಮೇಲೆ ಕಟ್ಟೆ ಕಟ್ಟಿ ಇಡಿ. ತುಂಬಿ ಹರಿಯುವ ನೀರನ್ನು ಪೈಪಿನಲ್ಲಿ ದೂರ ಬಿಡಿ. ಆಷಾಢದ ಮಳೆಯಲ್ಲಿ ನೆನೆದ ಧರೆಗೆ ಟ್ಯಾಂಕಿನ ನೀರೂ ಇಂಗಿದರೆ ಅದು ಅಡುಗೆಮನೆಯೊಳಗೆ ಬಂದು ಕೂರುತ್ತದೆ. ಅಂಥ ಜಾಗ ಇಲ್ಲವಾದರೆ ಈ ಯೋಚನೆಯನ್ನೇ ಬಿಟ್ಟು ಎರಡು ಪಂಪಿನ ದಾರಿ ಹಿಡಿಯಿರಿ.

ಮೇಲಿನ ಟ್ಯಾಂಕಿನ ನೀರನ್ನು ಸೋಲಾರಿಗೆ ಕೊಡುವಂತಿಲ್ಲ. ಗಾಳಿ ಪೈಪಿನ ಕಥೆ ಮತ್ತೆ ಶುರುವಾಗುತ್ತದೆ. ಸೋಲಾರಿಗೆ ಹಳೆಯ ಟ್ಯಾಂಕೇ ಇರಲಿ, ಅದರ ಬಿಸಿನೀರು ಬಕೆಟ್ಟಿಗೆ, ಪಾತ್ರೆ ತೊಳೆಯಲು ಸಾಕು. ಷವರಿಗೆ ಮೇಲಿನ ಟ್ಯಾಂಕಿನಿಂದಲೇ ಗೀಸರಿಗೆ ಒಂದು ಪೈಪು, ಮಿಕ್ಸರಿನ ತಣ್ಣೀರಿಗೆ ಒಂದು ಪೈಪು. ಎರಡಕ್ಕೂ ಒಂದೇ ಎತ್ತರ, ಒಂದೇ ಒತ್ತಡ. ಹೇಗಿದ್ದರೂ ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮೂರಿನ ಸೋಲಾರ್ ಅಲಂಕಾರಕ್ಕೆ ಮಾತ್ರ ತಾನೇ?

ಗೀಸರಿನ ಅಳತೆಯನ್ನೂ ನೋಡಿಕೊಳ್ಳಿ. ದೊಡ್ಡ ಷವರ್ ನಿಮಿಷಕ್ಕೆ 12 ಲೀಟರ್ ಸುರಿಸಿದರೆ ಅದರಲ್ಲಿ ಅರ್ಧದಷ್ಟು ಬಿಸಿನೀರು. 25 ಲೀಟರಿನ ಗೀಸರ್ ನಾಲ್ಕೈದು ನಿಮಿಷಕ್ಕೆ ಕೈಯೆತ್ತುತ್ತದೆ. ತಲೆಗೆ ಸೀಗೆಪುಡಿ ಹಚ್ಚಿಕೊಂಡು ನಿಂತಾಗ ನನ್ನನ್ನು ಬೈಯಬೇಡಿ.

ಪ್ರಶ್ನೆ: 500 ಲೀಟರಿನ ಬದಲು ಎರಡು ಸಾವಿರ ಲೀಟರಿನ ಟ್ಯಾಂಕ್ ಇಟ್ಟರೆ ಒತ್ತಡ ಹೆಚ್ಚುತ್ತದೆಯೇ? (ಹೊಸನಗರ)

ಇಲ್ಲ. ಒತ್ತಡಕ್ಕೆ ಎತ್ತರ ಗೊತ್ತು, ಹೊಟ್ಟೆಯ ಗಾತ್ರ ಗೊತ್ತಿಲ್ಲ.

ಪ್ರಶ್ನೆ: ಪೈಪಿಗೆ ಕಟ್ಟುವ ಅಯಸ್ಕಾಂತದಿಂದ ನೀರಿನ ವೇಗ ಇಮ್ಮಡಿಯಾಗುತ್ತದೆಂದು ಮೊಬೈಲಿನಲ್ಲಿ ನೋಡಿದೆ. (ಸಾಗರ)

ಮಾರುವವರ ವೇಗ ಇಮ್ಮಡಿಯಾಗುತ್ತದೆ. ಆ ದುಡ್ಡಿನಲ್ಲಿ ಮೊದಲು ಷವರಿನ ತೂತುಗಳಲ್ಲಿ ಕೂತ ಕೆಂಪು ಕೆಸರನ್ನು ತೊಳೆಸಿ.

ಪ್ರಶ್ನೆ: ನಗರದ ನಲ್ಲಿಗೇ ಪಂಪ್ ಜೋಡಿಸಿ ಷವರಿಗೆ ಕೊಡಬಹುದೇ? (ಶಿವಮೊಗ್ಗ)

ಕೂಡದು. ನೀವು ಎಳೆಯುವುದು ಪಕ್ಕದ ಮನೆಯವರ ಪಾಲಿನ ತುಂಗೆಯನ್ನು. ಲೈನು ಖಾಲಿಯಾದಾಗ, ಬಿರುಕು ಬಿಟ್ಟ ಪೈಪಿನ ಸುತ್ತಲಿನ ಚರಂಡಿ ನೀರನ್ನೂ ಎಳೆಯುತ್ತೀರಿ. ಸಂಪಿಗೆ ಬಿಟ್ಟು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿಸಿ.

ಪ್ರಶ್ನೆ: ಪಂಪ್ ಈಶಾನ್ಯ ಮೂಲೆಯಲ್ಲೇ ಇರಬೇಕೇ?

ಟ್ಯಾಂಕಿನ ಬುಡದಲ್ಲಿರಬೇಕು.

ಪ್ರಶ್ನೆ: ಅಟ್ಟದ ಮೇಲೆ ಪಂಪ್ ಇಟ್ಟಿದ್ದೇವೆ. ಯಾರು ಸ್ನಾನಕ್ಕೆ ಹೋದರೂ ಮನೆಯೆಲ್ಲ ಗುಂಯ್ಗುಡುತ್ತದೆ. ಮುಟ್ಟಿದರೆ ಸಣ್ಣಗೆ ಶಾಕ್ ಹೊಡೆಯುತ್ತದೆ. (ಕೊಪ್ಪ)

ಸದ್ದಿನ ವಿಷಯ ಆಮೇಲೆ. ಈ ಸಾಲನ್ನು ಓದಿದ ತಕ್ಷಣ ಮೇನ್ ಸ್ವಿಚ್ ಆರಿಸಿ. ‘ಸಣ್ಣ ಶಾಕ್’ ಎಂಬುದು ಒದ್ದೆ ಮೈಗೆ ಇಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಪರೀಕ್ಷಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನೇ ಆರಿಸುವ ಸ್ವಿಚ್) ಕೂರಿಸಿ, ಪಂಪಿನಲ್ಲಿ ಸೋರಿಕೆ ಇಲ್ಲವೆಂದು ತೋರಿಸುವವರೆಗೆ ಚೊಂಬಿನಲ್ಲಿ ಸ್ನಾನ ಮಾಡಿ. ಆಮೇಲೆ ಪಂಪನ್ನು ಮರದ ಹಲಗೆಯಿಂದ ಕೆಳಗಿಳಿಸಿ, ಕಾಂಕ್ರೀಟಿನ ಮೇಲೆ ದಪ್ಪ ರಬ್ಬರ್ ಹಾಸಿ ಕೂರಿಸಿದರೆ ಗುಂಯ್ಗುಡುವುದು ತಗ್ಗುತ್ತದೆ.