ಹಳೆಯ ಮಾರುತಿ 800 ಘಾಟಿ ಹತ್ತುವಾಗ ಮಾತ್ರ ಬಿಸಿಯಾಗುತ್ತಿದೆ. ಥರ್ಮೋಸ್ಟಾಟ್ ತೆಗೆಸಿದರೂ ಸರಿಹೋಗಿಲ್ಲ. ಏನು ಮಾಡಲಿ?

ನೀವು ಬರೆದದ್ದರ ಸಾರ ಇಷ್ಟು: 1998ರ ಕಾರ್ಬ್ಯುರೇಟರ್ ಮಾರುತಿ 800. ಊರೊಳಗೆ ಓಡಾಡುವಾಗ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ. ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿಯ ಏರು ಶುರುವಾದ ಸ್ವಲ್ಪ ಹೊತ್ತಿಗೆ ಮುಳ್ಳು ಎಚ್ (ಹಾಟ್, ಎಂದರೆ ಅತಿ ಬಿಸಿ) ಗೆರೆ ಮುಟ್ಟುತ್ತದೆ, ಪಕ್ಕದ ಬಾಟಲಿಯಲ್ಲಿ ನೀರು ಕುದಿದು ಚೆಲ್ಲುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತುಹಾಕಿ, ಬೋರ್‌ವೆಲ್ ನೀರು ತುಂಬಿಸಿ, 'ಹಳೆಯ ಗಾಡಿ, ಇನ್ನು ಹೀಗೆಯೇ' ಎಂದಿದ್ದಾರೆ.

ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಇದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಇರುವ ಕಾರನ್ನು ನಾನೂ ಇಟ್ಟುಕೊಂಡಿದ್ದೇನೆ. ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಚಾರ್ಮಾಡಿ ಹತ್ತಿದರೂ ಅದರ ಮುಳ್ಳು ಅಲುಗುವುದಿಲ್ಲ. ವಯಸ್ಸಾದ ಮಾತ್ರಕ್ಕೆ ಯಾವ ಎಂಜಿನ್ನೂ ಕುದಿಯುವುದಿಲ್ಲ. ನೀರು ಹರಿಯುವ ದಾರಿ, ಗಾಳಿ ಹಾಯುವ ದಾರಿ, ಒತ್ತಡ ಹಿಡಿಯುವ ಮುಚ್ಚಳ, ಕಿಡಿ ಹಾರುವ ಸಮಯ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಸಿಲಿಂಡರುಗಳಿರುವ ಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ಹಾಳೆ) ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ಯಾವುದು ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡುವುದು ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬ ಸಂಗತಿ.

ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಓಡತೊಡಗಿದ ಮೇಲೆ ತಣ್ಣಗಾದರೆ ದೋಷ ಫ್ಯಾನಿನ ಕಡೆಯದು. ನಿಮ್ಮದು ಅದಕ್ಕೆ ತದ್ವಿರುದ್ಧ. ಪೆಟ್ರೋಲ್ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ರೇಡಿಯೇಟರ್, ಎಂದರೆ ಎಂಜಿನ್ನಿನ ಬಿಸಿ ನೀರನ್ನು ಗಾಳಿಗೆ ಒಡ್ಡಿ ತಣಿಸುವ ಕೊಳವೆಗಳ ಜಾಲ, ಹೊರಹಾಕಬೇಕು. ಊರೊಳಗೆ ಎಂಜಿನ್ ಉರಿಸುವ ಪೆಟ್ರೋಲೇ ಕಡಿಮೆ, ಹಾಗಾಗಿ ಅರ್ಧ ಮುಚ್ಚಿಹೋದ ರೇಡಿಯೇಟರ್ ಕೂಡ ಹೇಗೋ ನಿಭಾಯಿಸುತ್ತದೆ. ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿರುತ್ತೀರಿ, ಲಾರಿಯ ಹಿಂದೆ ಆಮೆವೇಗದಲ್ಲಿ ಹೋಗುವುದರಿಂದ ಎದುರುಗಾಳಿಯೂ ಸಿಗುವುದಿಲ್ಲ. ಮುಚ್ಚಿದ್ದ ಅರ್ಧ ಭಾಗದ ಕೊರತೆ ಅಲ್ಲಿ ಬಯಲಾಗುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ರೇಡಿಯೇಟರಿನ ಒಳಗೆ ಕಟ್ಟಿರುವ ಸುಣ್ಣದ ಮೇಲೆ, ಎರಡನೆಯದು ಅದರ ಮುಚ್ಚಳದ ಮೇಲೆ.

ಥರ್ಮೋಸ್ಟಾಟ್ ತೆಗೆದದ್ದರಿಂದ ಒಂದು ವಿಷಯ ಮಾತ್ರ ಖಚಿತವಾಯಿತು: ಅದು ಇಲ್ಲದೆಯೂ ಗಾಡಿ ಕುದಿಯುತ್ತಿದೆ ಎಂದಮೇಲೆ ತಪ್ಪು ಅದರದ್ದಾಗಿರಲಿಲ್ಲ. ದಯವಿಟ್ಟು ಹೊಸದನ್ನು ಹಾಕಿಸಿ. ಸುಮಾರು 82 ಡಿಗ್ರಿಗೆ ತೆರೆಯತೊಡಗುವ ಆ ಸಣ್ಣ ಕವಾಟ ಇಲ್ಲದಿದ್ದರೆ ಸಮತಟ್ಟು ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಕಾರ್ಬ್ಯುರೇಟರಿನಿಂದ ಬರುವ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆಯುತ್ತದೆ, ಮೈಲೇಜ್ ಇಳಿಯುತ್ತದೆ, ರಿಂಗುಗಳು ಬೇಗ ಸವೆಯುತ್ತವೆ. ಹೊಸದನ್ನು ಕೂರಿಸುವ ಮುನ್ನ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಟ್ಟು, ಒಲೆಯ ಮೇಲಿಟ್ಟು ನೋಡಿ. ನೀರು ಕುದಿಯುವ ಹೊತ್ತಿಗೆ ಅದು ಪೂರ್ತಿ ತೆರೆದಿರಬೇಕು. ಹೊಸ ಪೆಟ್ಟಿಗೆಯಿಂದ ತೆಗೆದದ್ದೂ ಕೆಲವೊಮ್ಮೆ ತೆರೆಯುವುದಿಲ್ಲ.

ಇನ್ನು ಮುಚ್ಚಳ. ಬಿಸಿ ಇರುವಾಗ ಅದನ್ನು ಮುಟ್ಟಲೇಬೇಡಿ. ಒಳಗಿನ ನೀರು ನೂರು ಡಿಗ್ರಿ ದಾಟಿರುತ್ತದೆ, ಒತ್ತಡ ಇರುವುದರಿಂದಷ್ಟೇ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಅದು ಆವಿಯಾಗಿ ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿ ತೆಗೆಯುತ್ತೇನೆ ಎನ್ನುವವರ ಮಾತು ಕೇಳಬೇಡಿ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ, ಎಂದರೆ ಕಡಿಮೆಯೆಂದರೂ ಮುಕ್ಕಾಲು ಗಂಟೆ, ಕಾಯಿರಿ.

ಈ ಮುಚ್ಚಳ ಬರೀ ಬಿರಡೆಯಲ್ಲ, ಅದರಲ್ಲಿ ಎರಡು ಕವಾಟಗಳಿವೆ. ಸ್ಪ್ರಿಂಗ್ ಇರುವುದು ಒತ್ತಡವನ್ನು ಹಿಡಿದಿಡುತ್ತದೆ. 0.9 ಎಂದು ಒತ್ತಡದ ಗುರುತಿರುವ ಮುಚ್ಚಳ ಸರಿಯಾಗಿದ್ದರೆ ಬರಿಯ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸಡಿಲವಾಗಿದ್ದರೆ ನೂರರ ಆಸುಪಾಸಿನಲ್ಲೇ ಕುದಿದು ಬಾಟಲಿಗೆ ಚೆಲ್ಲುತ್ತದೆ. ಸಕಲೇಶಪುರದಂತಹ ಎತ್ತರದಲ್ಲಿ ಇನ್ನೂ ಮೂರು ಡಿಗ್ರಿ ಮೊದಲೇ. ಮಧ್ಯದ ಸಣ್ಣ ಕವಾಟ, ಎಂಜಿನ್ ತಣಿಯುವಾಗ ಬಾಟಲಿಯ ನೀರನ್ನು ವಾಪಸ್ ಒಳಗೆ ಬಿಡುತ್ತದೆ. ಬೆಳಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಚಪ್ಪಟೆಯಾಗಿ ಒಳಸೇರಿದ್ದರೆ ಆ ಕವಾಟ ಅಂಟಿಕೊಂಡಿದೆ ಎಂದರ್ಥ. ಮುಚ್ಚಳದ ಬೆಲೆ ಹೆಚ್ಚೇನಲ್ಲ; ಅನುಮಾನವಿದ್ದರೆ ಪರೀಕ್ಷೆಗೆ ಕಾಯದೆ, ಅದೇ ಗುರುತಿನ ಒಳ್ಳೆಯದೊಂದನ್ನು ಕೊಂಡು ಹಾಕಿ.

ರೇಡಿಯೇಟರ್ ವಿಷಯಕ್ಕೆ ಬರೋಣ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಒಳಗೆ, ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥದೇ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಅದು ಎರಡು ರೀತಿ ಕೆಡಿಸುತ್ತದೆ: ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ, ಮುಚ್ಚದೆ ಉಳಿದ ಕಡೆಯೂ ಲೋಹಕ್ಕೆ ಶಾಖ ದಾಟದಂತೆ ತಡೆಯುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಕೊಳವೆಗಳ ಬಾಯಿ ಬಿಳಿಯಾಗಿಯೋ ತುಕ್ಕು ಬಣ್ಣವಾಗಿಯೋ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಇನ್ನೊಂದು ಪರೀಕ್ಷೆ: ಗಾಡಿಯನ್ನು ಓಡಿಸಿ ಬಿಸಿ ಮಾಡಿ, ಎಂಜಿನ್ ನಿಲ್ಲಿಸಿ, ಫ್ಯಾನಿನ ವೈರ್ ಬಿಚ್ಚಿ, ರೇಡಿಯೇಟರಿನ ಮೈಮೇಲೆ ಕೈ ಹತ್ತಿರ ಹಿಡಿದು ಸರಿಸುತ್ತಾ ಹೋಗಿ. ಶಾಖ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ಕಡಿಮೆಯಾಗಬೇಕು. ನಡುವೆ ಎಲ್ಲೋ ಒಂದು ತುಂಡು ತಣ್ಣಗಿದ್ದರೆ ಅಲ್ಲಿ ನೀರೇ ಹರಿಯುತ್ತಿಲ್ಲ. ವೈರ್ ಬಿಚ್ಚುವುದನ್ನು ಮರೆಯಬೇಡಿ. ಎಂಜಿನ್ ನಿಂತಿದ್ದರೂ ವಿದ್ಯುತ್ ಫ್ಯಾನ್ ತಾನಾಗಿ ತಿರುಗತೊಡಗಿ ಬೆರಳು ಕತ್ತರಿಸಬಲ್ಲದು.

ಹಿತ್ತಾಳೆ ಟ್ಯಾಂಕಿನ ಹಳೆಯ ರೇಡಿಯೇಟರ್ ಆಗಿದ್ದರೆ ರಿಪೇರಿಯವರು ಟ್ಯಾಂಕನ್ನು ಬಿಸಿ ಮಾಡಿ ಬಿಚ್ಚಿ, ಒಂದೊಂದೇ ಕೊಳವೆಗೆ ಕಡ್ಡಿ ಹಾಕಿ, ಮತ್ತೆ ಬೆಸುಗೆ ಹಾಕಿಕೊಡುತ್ತಾರೆ. ಆ ಕೆಲಸ ಬಲ್ಲ ಹಿರಿಯರು ನಿಮ್ಮ ಕಡೆ ಇನ್ನೂ ಇದ್ದರೆ ಅವರ ಬಳಿಗೇ ಹೋಗಿ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರ್ ಆಗಿದ್ದರೆ ತಿಣುಕದೆ ಹೊಸದನ್ನು ಹಾಕಿಸಿ. ಕಾಸ್ಟಿಕ್ ಸೋಡಾ ಸುರಿದು ತೊಳೆಯುತ್ತೇವೆ ಎನ್ನುವವರಿಗೆ ಮಾತ್ರ ಗಾಡಿ ಕೊಡಬೇಡಿ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಿಮ್ಮ ಎಂಜಿನ್ನಿನ ಹೆಡ್ ಕೂಡ ಅದೇ ಲೋಹದ್ದು. ಎ.ಸಿ. ಇದ್ದರೆ ಅದರ ಕಂಡೆನ್ಸರ್ (ರೇಡಿಯೇಟರಿನ ಮುಂದೆ ಕೂರುವ ಎ.ಸಿ.ಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದನ್ನೂ ನೋಡಿ. ಅಲ್ಲಿ ಒಣಗಿದ ಕೆಸರು, ಹುಳು, ಎಲೆಪುಡಿ ಸೇರಿ ಕಂಬಳಿಯಷ್ಟು ದಪ್ಪ ಕಟ್ಟಿಕೊಂಡಿರುವುದನ್ನು ನೋಡಿದ್ದೇನೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ರೇಡಿಯೇಟರಿನ ಕೆಳಗಿನ ಹೋಸ್ ವಾಟರ್ ಪಂಪಿನ ಹೀರುವ ಬದಿಯದು. ರಬ್ಬರ್ ಮೆತ್ತಗಾಗಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ಅದು ಒಳಕ್ಕೆ ಕುಸಿದು ನೀರನ್ನು ತಡೆಯುತ್ತದೆ, ಐಡ್ಲಿಂಗಿಗೆ ಬಂದ ಕೂಡಲೇ ಮೊದಲಿನಂತಾಗುತ್ತದೆ. ಗ್ಯಾರೇಜಿನಲ್ಲಿ ನಿಂತ ಗಾಡಿಯನ್ನು ನೋಡುವವರಿಗೆ ಈ ದೋಷ ಎಂದೂ ಸಿಗುವುದಿಲ್ಲ. ಯಾರನ್ನಾದರೂ ಕೂರಿಸಿ ಎಂಜಿನ್ ರೇಸ್ ಮಾಡಿಸಿ, ನೀವು ಹೋಸ್ ಮೇಲೆ ಕಣ್ಣಿಡಿ. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ನೀರು ಒಸರಿದ ಕಲೆ ಇದೆಯೇ, ಬೆಲ್ಟ್ ಸಡಿಲವಾಗಿದೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳಿ.

ಫ್ಯಾನ್ ತಿರುಗುತ್ತಿದೆ ಎಂದು ಬರೆದಿದ್ದೀರಿ. ಯಾವ ಕಡೆಗೆ? ವೈರಿಂಗ್ ಬದಲಾಯಿಸುವಾಗ ಎರಡು ತಂತಿಗಳು ಅದಲುಬದಲಾದರೆ ಅದು ಗಾಳಿಯನ್ನು ಎಂಜಿನ್ ಕಡೆಗೆ ಎಳೆಯುವ ಬದಲು ಮುಂದಕ್ಕೆ ಊದುತ್ತದೆ, ಓಡುವಾಗ ಎದುರುಗಾಳಿಯ ಜೊತೆಗೇ ಜಗಳಕ್ಕೆ ನಿಲ್ಲುತ್ತದೆ. ಫ್ಯಾನ್ ತಿರುಗುವಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ, ಅದು ಒಳಕ್ಕೆ ಅಂಟಿಕೊಳ್ಳಬೇಕು.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾದರೆ ಇಗ್ನಿಷನ್ ಟೈಮಿಂಗ್ ನೋಡಿಸಿ. ಕಿಡಿ ತಡವಾಗಿ ಹಾರಿದರೆ ಗಾಡಿಗೆ ಎಳೆಯುವ ಶಕ್ತಿ ಕಡಿಮೆಯಾಗಿ, ಉರಿಯ ಶಾಖ ನೀರಿಗೂ ಸೈಲೆನ್ಸರಿಗೂ ಹೋಗುತ್ತದೆ. ಏರಿನಲ್ಲಿ ಮೊದಲಿನಂತೆ ಎಳೆಯುತ್ತಿಲ್ಲ ಎಂದೂ ಅನಿಸುತ್ತಿದ್ದರೆ ಇದನ್ನು ಹಿಂದೆ ಹಾಕಬೇಡಿ.

ಹೆಡ್ ಗ್ಯಾಸ್ಕೆಟ್ ಬಗ್ಗೆ ನೀವು ಭಯದಿಂದ ಕೇಳಿದ್ದೀರಿ. ಈಗಾಗಲೇ ಹಲವು ಬಾರಿ ಕುದಿದಿರುವುದರಿಂದ ಆ ಭಯಕ್ಕೆ ಕಾರಣವಿದೆ. ಬೆಳಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರು ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ. ಎಡೆಬಿಡದೆ ಬರುತ್ತಲೇ ಇದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ನೀಲಿ ಬಣ್ಣದ ಪರೀಕ್ಷಾ ದ್ರಾವಣವನ್ನು ರೇಡಿಯೇಟರಿನ ಬಾಯಿಗೆ ಹಿಡಿದಾಗ ಅದು ಹಳದಿಗೆ ತಿರುಗಿದರೆ ಅನುಮಾನವೇ ಉಳಿಯುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ತುಸು ಕೆನೆ ಕಂಡ ಮಾತ್ರಕ್ಕೆ ಮಾತ್ರ ಹೆಡ್ ಬಿಚ್ಚಿಸಬೇಡಿ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಾಡುವ ಗಾಡಿಗಳಲ್ಲಿ ಅದು ಬರೀ ತೇವದಿಂದಲೂ ಆಗುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲೇ ಹಾಲು ಬೆರೆಸಿದಂತಿದ್ದರೆ ಮಾತು ಬೇರೆ. ಗ್ಯಾಸ್ಕೆಟ್ ಹಾಕಿಸುವುದೇ ಆದರೆ ಹೆಡ್ ಬಾಗಿದೆಯೇ ಎಂದು ಲೇತ್ ಅಂಗಡಿಯಲ್ಲಿ ಅಳತೆ ಮಾಡಿಸದೆ ಜೋಡಿಸಲು ಬಿಡಬೇಡಿ. ಬಾಗಿದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಹಾಕಿದರೆ ದುಡ್ಡೂ ಹೋಗುತ್ತದೆ, ಗ್ಯಾಸ್ಕೆಟ್ಟೂ ಹೋಗುತ್ತದೆ.

ಕೆಲಸ ಮುಗಿದ ಮೇಲೆ ಬೋರ್‌ವೆಲ್ ನೀರಿನ ಕಡೆ ಮತ್ತೆ ಹೋಗಬೇಡಿ. ಕೂಲಂಟ್ ಮತ್ತು ಬ್ಯಾಟರಿಗೆ ಹಾಕುವ ಶುದ್ಧ ನೀರು ಸಮಸಮ, ಅಥವಾ ಬೆರೆಸಿಯೇ ಮಾರುವ ಕೂಲಂಟ್. ತುಂಬಿಸುವಾಗ ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ಹೀಟರ್ ಇದ್ದರೆ ತೆರೆದಿಟ್ಟು, ಮುಚ್ಚಳವಿಲ್ಲದೆ ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ತೆರೆದು ನೀರಿನ ಮಟ್ಟ ಇಳಿದಾಗ ಮತ್ತೆ ತುಂಬಿಸಿ. ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ರಿಪೇರಿಗೆ ಮುನ್ನ ಘಾಟಿ ಹತ್ತಲೇಬೇಕಾಗಿ ಬಂದರೆ ಎ.ಸಿ. ಆರಿಸಿ. ಮೂರನೆಯ ಗೇರಿನಲ್ಲಿ ಎಂಜಿನ್ನನ್ನು ಒದ್ದಾಡಿಸದೆ ಎರಡಕ್ಕೆ ಇಳಿಸಿ. ಎಂಜಿನ್ ಹಗುರವಾಗಿ, ಜೋರಾಗಿ ತಿರುಗಿದಷ್ಟೂ ಪಂಪ್ ಹೆಚ್ಚು ನೀರು ಹರಿಸುತ್ತದೆ. ಹೀಟರ್ ಇದ್ದರೆ ಪೂರ್ತಿ ಹಾಕಿ. ಬೆವರು ಹರಿದರೂ ಅದು ಎಂಜಿನ್ನಿಗೆ ಇನ್ನೊಂದು ಸಣ್ಣ ರೇಡಿಯೇಟರ್. ಮುಳ್ಳು ಮುಕ್ಕಾಲು ದಾಟಿದರೆ ಜಾಗ ನೋಡಿ ನಿಲ್ಲಿಸಿ, ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಏರಿದ್ದ ಮುಳ್ಳು ಏರಿನ ನಡುವೆಯೇ ತಟ್ಟನೆ ಕೆಳಗೆ ಬಿದ್ದರೆ ಸರಿಹೋಯಿತೆಂದು ತಿಳಿಯಬೇಡಿ. ನೀರೆಲ್ಲ ಖಾಲಿಯಾಗಿ ಸೆನ್ಸರ್ ಬರಿಗಾಳಿಯಲ್ಲಿ ನಿಂತಾಗಲೂ ಮುಳ್ಳು ಹಾಗೆಯೇ ಬೀಳುತ್ತದೆ. ಆ ಕ್ಷಣವೇ ಎಂಜಿನ್ ಆರಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.